ನೌಕರರೊಡನೆ ಗೋ-ಕಾರ್ಟಿಂಗ್ ವಿಹಾರ: ಅಂಗಡಿಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ತಮ್ಮ ನೌಕರರನ್ನು ವರ್ಷಕ್ಕೊಮ್ಮೆ ವಿಹಾರಕ್ಕೆ ಕರೆದೊಯ್ಯುವುದು ಹೊಸ ಸಂಗತಿಯೇನಲ್ಲ. ನಂದಿಬೆಟ್ಟ, ಕೈವಾರ, ವಿದುರಾಶ್ವತ್ಥಗಳಿಗೆ ಬುತ್ತಿ ಕಟ್ಟಿಕೊಂಡು ಹೋಗಿ, ದೇವರ ದರ್ಶನ ಮಾಡಿ, ಮರದ ನೆರಳಿನಲ್ಲಿ ಊಟ ಮುಗಿಸಿ ಸಂಜೆಗೆ ಹಿಂದಿರುಗುವುದು ವಾಡಿಕೆಯಾಗಿತ್ತು. ಈಗ ಅಂಗಡಿ, ಕಾರ್ಖಾನೆಗಳಿಗೆ ಸೇರುತ್ತಿರುವ ಯುವಕ ಯುವತಿಯರ ಅಪೇಕ್ಷೆ ಬೇರೆ. ಬೆಂಗಳೂರಿನಲ್ಲಿರುವ ಗೆಳೆಯರಿಂದ ಕೇಳಿ ತಿಳಿದ ಗೋ-ಕಾರ್ಟಿಂಗ್‌ಗೆ ಹೋಗೋಣವೆಂದು ಅವರು ಮಾಲೀಕರ ಮುಂದೆ ಬೇಡಿಕೆ ಇಡುತ್ತಿದ್ದಾರೆ.

ಇಂತಹ ಬೇಡಿಕೆ ಬಂದೊಡನೆ ಮಾಲೀಕರು ಕೇಳುವ ಮೊದಲ ಪ್ರಶ್ನೆ, 'ತಲೆಗೆ ಎಷ್ಟು ಬೀಳುತ್ತದೆ?' ಎಂಬುದು. ವ್ಯಾಪಾರಿಗೆ ಇದು ಸಹಜವಾದ ಪ್ರಶ್ನೆಯೇ ಹೌದು. ಆದರೆ ಈ ವಿಹಾರದಲ್ಲಿ ಅದು ಕೊನೆಯ ಪ್ರಶ್ನೆಯಾಗಬೇಕು. ಟ್ರ್ಯಾಕಿನ ಮೇಲೆ ಒಬ್ಬ ನೌಕರ ಕಳೆಯುವುದು ಹತ್ತು ಇಪ್ಪತ್ತು ನಿಮಿಷ ಮಾತ್ರ. ಮಾಲೀಕನ ಹೊಣೆಯಾದರೋ ಅಂಗಡಿಯ ಬಾಗಿಲಲ್ಲಿ ವಾಹನ ಹತ್ತಿಸಿದಾಗ ಆರಂಭವಾಗಿ, ಕಟ್ಟಕಡೆಯ ನೌಕರ ತನ್ನ ಮನೆ ಸೇರಿದಾಗಲಷ್ಟೇ ಮುಗಿಯುತ್ತದೆ. ಸರಕು ಕಳುಹಿಸುವಾಗ ತೋರುವ ಎಚ್ಚರವನ್ನೇ ಮನುಷ್ಯರನ್ನು ಕರೆದೊಯ್ಯುವಾಗಲೂ ತೋರಬೇಕಾಗುತ್ತದೆ.

ಕಾರ್ಟ್ ಎಂಬ ವಾಹನ

ಗೋ-ಕಾರ್ಟ್ ಹುಟ್ಟಿದ ಬಗೆ ವ್ಯಾಪಾರಿಗಳಿಗೆ ರುಚಿಸುವಂತಹದು. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಸ್ ಕಾರುಗಳನ್ನು ತಯಾರಿಸುತ್ತಿದ್ದ ಆರ್ಟ್ ಇಂಗೆಲ್ಸ್ ಎಂಬವರು ಕೊಳವೆಯ ಚೌಕಟ್ಟಿಗೆ ಹುಲ್ಲು ಕತ್ತರಿಸುವ ಯಂತ್ರದ ಇಂಜಿನನ್ನು ಜೋಡಿಸಿ ಮೊದಲ ಕಾರ್ಟನ್ನು ನಿರ್ಮಿಸಿದರು. ಅನಂತರ ಇತರರು, ಮಾರಾಟವಾಗದೆ ಉಳಿದಿದ್ದ ಅದೇ ಬಗೆಯ ಇಂಜಿನುಗಳನ್ನು ಅಗ್ಗದ ದರದಲ್ಲಿ ಕೊಂಡು ಕಾರ್ಟ್‌ಗಳನ್ನು ತಯಾರಿಸಿ ಮಾರಲಾರಂಭಿಸಿದರು. 1962ರಲ್ಲಿ ಈ ಕ್ರೀಡೆಗೆ ಅಂತರರಾಷ್ಟ್ರೀಯ ಆಯೋಗವೊಂದು ರಚನೆಯಾಯಿತು. ಅಯರ್ಟನ್ ಸೆನ್ನಾ, ಮೈಕೆಲ್ ಶೂಮಾಕರ್ ಅವರಂತೆ ಬೆಂಗಳೂರಿನ ಅರ್ಜುನ್ ಮೈನಿ ಅವರೂ ರೇಸಿಂಗ್‌ನ ಮೊದಲ ಪಾಠ ಕಲಿತದ್ದು ಕಾರ್ಟ್‌ಗಳಲ್ಲಿಯೇ.

ಬಾಡಿಗೆಗೆ ದೊರೆಯುವ ಕಾರ್ಟ್‌ನ ರಚನೆ ಸರಳ. ಸಾಮಾನ್ಯವಾಗಿ ಗೇರು ಇರುವುದಿಲ್ಲ. ಬಲಗಾಲಿಗೆ ವೇಗದ ಪೆಡಲ್, ಎಡಗಾಲಿಗೆ ಬ್ರೇಕ್. ಎರಡನ್ನೂ ಒಮ್ಮೆಗೇ ತುಳಿಯಬಾರದು. ಕಾರು ಬಲ್ಲವರು ಬ್ರೇಕಿಗೂ ಬಲಗಾಲನ್ನೇ ಬಳಸುವ ಅಭ್ಯಾಸದಿಂದ ಮೊದಲ ಸುತ್ತಿನಲ್ಲಿ ತಡವರಿಸುವುದುಂಟು. ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳಿಲ್ಲದ ಕಾರಣ ರಸ್ತೆಯ ಪ್ರತಿ ಕುಲುಕಾಟವೂ ನೇರವಾಗಿ ಬೆನ್ನಿಗೆ ತಗಲುತ್ತದೆ. ಆಸನ ನೆಲಕ್ಕೆ ತೀರ ಸಮೀಪವಿರುವುದರಿಂದ ವೇಗ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಹಿಂದಿನ ಅಚ್ಚು. ಪೆಟ್ರೋಲ್ ಕಾರ್ಟ್‌ಗಳಲ್ಲಿ ಇಂಜಿನಿನ ಶಕ್ತಿ ಚೈನಿನ ಮೂಲಕ ಹಿಂಬದಿಯ ಉಕ್ಕಿನ ಅಚ್ಚಿಗೆ ತಲಪುತ್ತದೆ. ಎರಡು ಚಕ್ರಗಳೂ ಆ ಒಂದೇ ಅಚ್ಚಿನೊಡನೆ ತಿರುಗುತ್ತವೆ. ಸವಾರನ ಬೆನ್ನಿನ ಹಿಂದೆಯೇ ಈ ಅಚ್ಚು ಸುತ್ತುತ್ತಿರುತ್ತದೆ. ತಿರುಗುವ ಬೆಲ್ಟಿನ ಬಳಿ ಸೆರಗನ್ನು ಸಡಿಲ ಬಿಡಬಾರದೆಂಬುದು ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ದುಡಿಯುವ ಪ್ರತಿಯೊಬ್ಬ ಮಹಿಳೆಗೂ ತಿಳಿದ ನಿಯಮ. ಕಾರ್ಟ್‌ಗೂ ಅದೇ ನಿಯಮ ಅನ್ವಯಿಸುತ್ತದೆ.

ಯಾವ ದಿನ, ಎಲ್ಲಿಗೆ

ಜಿಲ್ಲೆಯ ನಾಲ್ಕೂ ಪಟ್ಟಣಗಳ ವ್ಯಾಪಾರ ಒಂದೇ ಬಗೆಯದಲ್ಲ. ಆದುದರಿಂದ ಬಿಡುವಿನ ದಿನವೂ ಎಲ್ಲರಿಗೂ ಒಂದೇ ಆಗಲಾರದು. ಶಿಡ್ಲಘಟ್ಟದ ರೀಲರುಗಳಿಗೆ ರೇಷ್ಮೆಗೂಡೇ ಪಂಚಾಂಗ. ಗೂಡಿನೊಳಗಿನ ಕೋಶ ಚಿಟ್ಟೆಯಾಗಿ ಹೊರಬರುವ ಮುನ್ನ ಅದನ್ನು ಒಣಗಿಸಬೇಕು ಅಥವಾ ನೂಲು ಬಿಚ್ಚಬೇಕು. ಕೊಂಡ ಗೂಡನ್ನು ಹಾಗೆಯೇ ಬಿಟ್ಟು ವಿಹಾರಕ್ಕೆ ಹೊರಟರೆ ನಷ್ಟ ಕಟ್ಟಿಟ್ಟ ಬುತ್ತಿ. ಆದ್ದರಿಂದ ಹಿಂದಿನ ದಿನಗಳ ಖರೀದಿಯನ್ನೇ ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕು. ಚಿಂತಾಮಣಿಯ ಟೊಮೆಟೊ ಮಂಡಿ ವರ್ತಕರು ಆವಕ ಹೆಚ್ಚಿರುವ ತಿಂಗಳುಗಳನ್ನು ಬಿಡುವುದು ಲೇಸು. ಚಿಕ್ಕಬಳ್ಳಾಪುರದ ಹೂವಿನ ವರ್ತಕರಿಗೆ ವರಮಹಾಲಕ್ಷ್ಮಿ ವ್ರತದಿಂದ ದೀಪಾವಳಿಯವರೆಗೆ ಬಿಡುವು ಸಿಗುವುದು ಕಷ್ಟ. ಗೌರಿಬಿದನೂರಿನ ಉಡುಪು ಹಾಗೂ ಬಿಡಿಭಾಗ ತಯಾರಕರು ಸರಕು ರವಾನೆಯ ಗಡುವನ್ನು ನೋಡಿಕೊಳ್ಳಬೇಕು. ಲೆಕ್ಕ ಬರೆಯುವ ಗುಮಾಸ್ತರೂ ವಿಹಾರಕ್ಕೆ ಬರಬೇಕೆಂದರೆ, ಜಿಎಸ್‌ಟಿ ವಿವರಪಟ್ಟಿಗಳನ್ನು ಪ್ರತಿ ತಿಂಗಳು ಸಲ್ಲಿಸುವ ಘಟಕಗಳು 11 ಮತ್ತು 20ನೆಯ ತಾರೀಖುಗಳ ಹಿಂದುಮುಂದಿನ ದಿನಗಳನ್ನು ಆರಿಸಬಾರದು.

ವಾರದ ರಜೆಯನ್ನೇ ವಿಹಾರಕ್ಕೆ ಬಳಸುವುದಾದರೆ ಬದಲಿ ರಜೆ ಕೊಡುವುದು ನ್ಯಾಯ. ಬಟ್ಟೆ ಒಗೆಯಲು, ಮಕ್ಕಳನ್ನು ನೋಡಿಕೊಳ್ಳಲು, ಹೊಲಕ್ಕೆ ಹೋಗಲು ಇರುವ ಒಂದೇ ದಿನವನ್ನು ಮಾಲೀಕರ ಸಂತೋಷಕ್ಕಾಗಿ ಕಳೆದುಕೊಂಡ ನೌಕರನಿಗೆ ಅದು ವಿಹಾರವೆನಿಸದು. ಅಲ್ಲದೆ ವಾರದ ನಡುವಿನ ದಿನಗಳಲ್ಲಿ ಟ್ರ್ಯಾಕಿನಲ್ಲಿ ಜನಸಂದಣಿ ಕಡಿಮೆಯಿರುತ್ತದೆ.

ಈ ಭಾಗದವರಿಗೆ ಅನುಕೂಲವಾದುದು ಬೆಂಗಳೂರಿನ ಉತ್ತರ ಭಾಗ. ಅಲ್ಲಿ ಹೆಣ್ಣೂರು–ಬಾಗಲೂರು ರಸ್ತೆಯಲ್ಲಿರುವ ಮೆಕೊ ಕಾರ್ಟೋಪಿಯಾ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಕಾರ್ಟಿಂಗ್ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದಿವೆ. ಯಾವುದೇ ಟ್ರ್ಯಾಕನ್ನು ಆರಿಸಿದರೂ ಮಾಲೀಕರು ಅಥವಾ ಅವರ ನಂಬಿಗಸ್ತರೊಬ್ಬರು ಮೊದಲೇ ಹೋಗಿ ನೋಡಿ ಬರುವುದು ಒಳ್ಳೆಯದು. ಮಾದರಿ ನೋಡದೆ ಮಾಲು ಕೊಳ್ಳುವ ವರ್ತಕರಿಲ್ಲ. ಹೆಲ್ಮೆಟ್ಟುಗಳ ಪಟ್ಟಿ ಸರಿಯಾಗಿ ಬಿಗಿಯುತ್ತದೆಯೇ, ತಲೆಗೂದಲನ್ನು ಮುಚ್ಚುವ ಬಟ್ಟೆಯ ಟೋಪಿ ಕೊಡುತ್ತಾರೆಯೇ, ಇಂಜಿನ್ ಮತ್ತು ಅಚ್ಚಿಗೆ ಮುಚ್ಚಳವಿದೆಯೇ, ತಿರುವುಗಳಲ್ಲಿ ತಡೆಗಳು ಭದ್ರವಾಗಿವೆಯೇ, ಪ್ರಥಮ ಚಿಕಿತ್ಸೆ ಬಲ್ಲವರು ಇದ್ದಾರೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಮಳೆ ಬಂದರೆ ಮುಂಗಡ ಹಣ ಹಿಂತಿರುಗುತ್ತದೆಯೇ ಅಥವಾ ಬೇರೆ ದಿನ ಕೊಡುತ್ತಾರೆಯೇ ಎಂಬ ಏಳು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಮುಂಗಡ ಕೊಡಬೇಕು.

ದಾರಿಯ ಅಪಾಯ

ಕಾರ್ಟಿಂಗ್ ಎಂದೊಡನೆ ಎಲ್ಲರ ಗಮನ ಟ್ರ್ಯಾಕಿನ ಅಪಾಯದ ಮೇಲೆ ಹರಿಯುತ್ತದೆ. ವಾಸ್ತವವಾಗಿ ದಾರಿಯ ಅಪಾಯವನ್ನು ಅದಕ್ಕಿಂತ ಮೊದಲು ಯೋಚಿಸಬೇಕು. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಹೊರವಲಯದ ರಾಷ್ಟ್ರೀಯ ಹೆದ್ದಾರಿಯಲ್ಲಿ, ಮಂಜು ಕವಿದಿದ್ದ ವೇಳೆ, ನಿಂತಿದ್ದ ಟ್ಯಾಂಕರಿಗೆ ವಾಹನವೊಂದು ಡಿಕ್ಕಿ ಹೊಡೆದು 13 ಜನ ಸಾವಿಗೀಡಾದ ದುರಂತವನ್ನು ಜಿಲ್ಲೆಯ ಜನ ಮರೆತಿಲ್ಲ. ಟ್ರ್ಯಾಕಿನ ಮೊದಲ ಸರದಿ ಹಿಡಿಯಬೇಕೆಂದು ಬೆಳಗಿನ ಐದಕ್ಕೇ ಹೊರಡಿಸುವ ಉತ್ಸಾಹವನ್ನು ಚಳಿಗಾಲದಲ್ಲಿ ಬಿಡಬೇಕು. ಮಂಜು ತಿಳಿಯಾದ ಮೇಲೆ ಹೊರಟು, ಕತ್ತಲಾಗುವ ಮುನ್ನ ಹಿಂದಿರುಗುವಂತೆ ವೇಳೆಯನ್ನು ನಿಗದಿಪಡಿಸುವುದು ವಿವೇಕ. ಚಾಲಕನಿಗೆ ಹಿಂದಿನ ರಾತ್ರಿ ನಿದ್ದೆಯಾಗಿರಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗೂಡು ಸಾಗಿಸುವ, ಟೊಮೆಟೊ ಕ್ರೇಟು ಹೊರುವ ಸ್ವಂತ ಟೆಂಪೊ ಮನೆಯ ಮುಂದೆಯೇ ಇರುವಾಗ ಬಸ್ಸೇಕೆ ಎಂಬ ಯೋಚನೆ ಕೆಲವರಿಗೆ ಬರುವುದುಂಟು. ಸರಕು ಸಾಗಣೆಯ ವಾಹನದಲ್ಲಿ ಹೀಗೆ ಜನರನ್ನು ಕೂರಿಸುವುದು ಪರವಾನಗಿಯ ಷರತ್ತಿಗೆ ವಿರುದ್ಧ. ಅಷ್ಟೇ ಅಲ್ಲದೆ, ಸರಕು ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರ ಡಿಸೆಂಬರ್‌ನಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಂಪನಿಯ ಪ್ರಕರಣದಲ್ಲಿ ತೀರ್ಪು ನೀಡಿದೆ. ಬಸ್ಸಿನ ಬಾಡಿಗೆ ಉಳಿಸಲು ಹೋಗಿ ಅಂಗಡಿಯನ್ನೇ ಮಾರಿ ಪರಿಹಾರ ಕಟ್ಟುವ ಸ್ಥಿತಿ ಯಾರಿಗೂ ಬರಬಾರದು. ಕೆಎಸ್‌ಆರ್‌ಟಿಸಿಯ ಪ್ರಾಸಂಗಿಕ ಕರಾರಿನ ಬಸ್ಸನ್ನೋ, ಪರವಾನಗಿ, ವಿಮೆ, ಅರ್ಹತಾ ಪತ್ರಗಳು ಚಾಲ್ತಿಯಲ್ಲಿರುವ ಖಾಸಗಿ ಬಸ್ಸನ್ನೋ ಗೊತ್ತುಪಡಿಸಬೇಕು. ಆ ಪತ್ರಗಳ ಪ್ರತಿಯನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಉಡುಪು ಮತ್ತು ತಲೆಗೂದಲು

2018ರ ಫೆಬ್ರವರಿಯಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಒಬ್ಬ ಮಹಿಳೆ, 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಒಬ್ಬ ವಿದ್ಯಾರ್ಥಿನಿ ಗೋ-ಕಾರ್ಟ್ ಅವಘಡದಲ್ಲಿ ಪ್ರಾಣ ಕಳೆದುಕೊಂಡರು. ಎರಡೂ ಪ್ರಕರಣಗಳಲ್ಲಿ ತಲೆಗೂದಲು ಕಾರ್ಟ್‌ನ ಚಕ್ರಕ್ಕೆ ಸಿಲುಕಿತ್ತು. ಇಬ್ಬರೂ ಕುಟುಂಬದವರು, ಸ್ನೇಹಿತರೊಡನೆ ನಗುನಗುತ್ತಾ ಹೋಗಿದ್ದವರು. ಹೆಲ್ಮೆಟ್ಟೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಕಠೋರವಾದ ಪಾಠ ಬೇಕಿಲ್ಲ.

ಉಡುಪಿನ ಘಟಕಗಳಲ್ಲಿ ಮಹಿಳಾ ನೌಕರರೇ ಅಧಿಕ. ಸೀರೆ, ದುಪಟ್ಟಾ, ಉದ್ದ ಜಡೆ, ಮುಡಿದ ಹೂ ಇವೆಲ್ಲ ಅವರ ದಿನನಿತ್ಯದ ಅಲಂಕಾರ. ವಿಹಾರವೆಂದ ಮೇಲೆ ಇನ್ನೂ ಹೆಚ್ಚು ಸಿಂಗರಿಸಿಕೊಂಡು ಬರುವುದು ಸಹಜ. ಟ್ರ್ಯಾಕಿನ ಬಾಗಿಲಿನಲ್ಲಿ ನಿಂತು, 'ಸೀರೆಯುಟ್ಟವರಿಗೆ ಅವಕಾಶವಿಲ್ಲ' ಎಂದರೆ ಅವರಿಗೆ ಅವಮಾನವಾಗುತ್ತದೆ. ಸುಮ್ಮನಿದ್ದರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಒಂದು ವಾರ ಮೊದಲೇ ಉಡುಪಿನ ನಿಯಮವನ್ನು ಬರೆದು ಹಾಕಬೇಕು. ಪ್ಯಾಂಟು ಅಥವಾ ದುಪಟ್ಟಾ ಇಲ್ಲದ ಚೂಡಿದಾರ್, ಮೈಗೆ ಹೊಂದುವ ಅಂಗಿ, ಬೆರಳು ಮುಚ್ಚುವ ಶೂ ಧರಿಸಬೇಕು. ಗಂಡಸರಿಗೆ ಪಂಚೆ, ಲುಂಗಿ, ಹೆಗಲ ಟವೆಲ್ಲು, ಚಪ್ಪಲಿ ಸಲ್ಲದು. ಕೂದಲನ್ನು ಗಂಟು ಕಟ್ಟಿ, ಬಟ್ಟೆಯ ಟೋಪಿಯೊಳಗೆ ಸೇರಿಸಿ, ಅಂಗಿಯ ಕೊರಳಪಟ್ಟಿಯಿಂದ ಹೊರಬಾರದಂತೆ ನೋಡಿಕೊಳ್ಳಬೇಕು. ಪ್ರತಿಯೊಬ್ಬ ಮಹಿಳೆಯೂ ಕಾರ್ಟ್ ಏರುವ ಮುನ್ನ ಇದನ್ನು ಪರೀಕ್ಷಿಸಲು ಹಿರಿಯ ಮಹಿಳಾ ನೌಕರರೊಬ್ಬರನ್ನು ನೇಮಿಸುವುದು ಉಚಿತ.

ಓಡಿಸುವವರು, ಓಡಿಸದವರು

ಕಾರ್ಟ್ ಓಡಿಸಲು ಯಾರನ್ನೂ ಒತ್ತಾಯಿಸಬಾರದು. ಗರ್ಭಿಣಿಯರು, ಹೃದ್ರೋಗಿಗಳು, ಬೆನ್ನು ಅಥವಾ ಕುತ್ತಿಗೆ ನೋವಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ದೂರವಿರಬೇಕು. ಅನೇಕರು ಇಂತಹ ಕಾರಣಗಳನ್ನು ಎಲ್ಲರೆದುರು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. 'ಇಷ್ಟವಿಲ್ಲ' ಎಂಬ ಒಂದು ಮಾತೇ ಸಾಕೆಂಬ ವಾತಾವರಣವಿದ್ದಲ್ಲಿ ಯಾರೂ ಮುಜುಗರಕ್ಕೆ ಸಿಲುಕಿ ಚಕ್ರ ಹಿಡಿಯುವುದಿಲ್ಲ. ಮದ್ಯ ಸೇವಿಸಿದವರಿಗಂತೂ, ಅವರು ಪಾಲುದಾರರೇ ಆಗಿದ್ದರೂ, ಅವಕಾಶ ಕೊಡಲಾಗದು.

ಓಡಿಸದವರು ದಿನವಿಡೀ ಬೆಂಚಿನ ಮೇಲೆ ಕುಳಿತು ಆಕಳಿಸುವಂತಾಗಬಾರದು. ಸುತ್ತುಗಳ ಲೆಕ್ಕ ಬರೆಯುವುದು, ಬಹುಮಾನ ಹಂಚುವುದು ಅವರ ಪಾಲಿಗಿರಲಿ. ಚಿಕ್ಕಬಳ್ಳಾಪುರ, ಗೌರಿಬಿದನೂರಿನ ತಂಡಗಳು ಹಿಂದಿರುಗುವಾಗ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನೋ, ಮುದ್ದೇನಹಳ್ಳಿಯಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯನವರ ಸ್ಮಾರಕವನ್ನೋ ಸಂದರ್ಶಿಸಿದರೆ ಹಿರಿಯ ನೌಕರರಿಗೂ ದಿನ ಸಾರ್ಥಕವೆನಿಸುತ್ತದೆ. ಚಿಂತಾಮಣಿಯವರಿಗೆ ಕೈವಾರವಿದೆ.

ವೇಳೆಯ ಲೆಕ್ಕವೂ ಮುಖ್ಯ. ಉದಾಹರಣೆಗೆ, 24 ಜನರ ತಂಡಕ್ಕೆ ಒಮ್ಮೆಗೆ 8 ಕಾರ್ಟ್ ದೊರೆಯುವುದಾದರೆ ಮೂರು ಸರದಿಗಳಾಗುತ್ತವೆ. ಒಂದು ಸರದಿಗೆ 10 ನಿಮಿಷದ ಓಟ, ಇಳಿದು ಹತ್ತಲು 5 ನಿಮಿಷವೆಂದರೆ ಎಲ್ಲರದೂ ಒಮ್ಮೆ ಮುಗಿಯಲು 45 ನಿಮಿಷ ಬೇಕು. ಎರಡು ಸುತ್ತಿಗೆ ಒಂದೂವರೆ ಗಂಟೆ, ಆರಂಭದ ಸೂಚನೆಗಳಿಗೆ ಇನ್ನೊಂದು ಅರ್ಧ ಗಂಟೆ. ಹೊಸಬರನ್ನೂ ಅನುಭವಿಗಳನ್ನೂ ಬೇರೆ ಬೇರೆ ಸರದಿಗಳಲ್ಲಿ ಬಿಡುವುದು ಕ್ಷೇಮ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ನಿಧಾನಿಸಬೇಕು; ಕೆಂಪು ಕಂಡರೆ ಓಟ ನಿಲ್ಲಿಸಬೇಕು; ನೀಲಿ ಕಂಡರೆ ಹಿಂದಿನಿಂದ ಬರುವ ವೇಗದವರಿಗೆ ದಾರಿ ಬಿಡಬೇಕು. ಕಾರ್ಟ್ ಕೆಟ್ಟು ನಿಂತರೆ ಇಳಿದು ಓಡದೆ, ಕೈಯೆತ್ತಿ ಸಿಬ್ಬಂದಿ ಬರುವವರೆಗೆ ಕಾಯಬೇಕು. ಈ ನಾಲ್ಕು ಸೂಚನೆಗಳನ್ನು ಬಸ್ಸಿನಲ್ಲಿಯೇ ಕನ್ನಡದಲ್ಲಿ ಹೇಳಿಬಿಡುವುದು ಲೇಸು.

ವಿಮೆ ಮತ್ತು ಹೊಣೆಪತ್ರ

ಟ್ರ್ಯಾಕಿನವರು ಪ್ರತಿಯೊಬ್ಬರಿಂದಲೂ ಹೊಣೆಪತ್ರಕ್ಕೆ ಸಹಿ ಪಡೆಯುವುದು ರೂಢಿ. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ನೌಕರರಿಗೆ ಅದರ ಸಾರಾಂಶವನ್ನು ಮೊದಲೇ ತಿಳಿಸಬೇಕು. ಸಹಿ ಹಾಕಿದ ಮಾತ್ರಕ್ಕೆ ಟ್ರ್ಯಾಕಿನವರ ನಿರ್ಲಕ್ಷ್ಯವೆಲ್ಲ ಮನ್ನಾ ಆಗುವುದೆಂದು ಯಾರೂ ಭಾವಿಸಬೇಕಿಲ್ಲ. ಹಾಗೆಯೇ ತನ್ನ ಹೊಣೆ ಟ್ರ್ಯಾಕಿನವರಿಗೆ ವರ್ಗವಾಯಿತೆಂದು ಮಾಲೀಕನೂ ನಿಶ್ಚಿಂತನಾಗುವಂತಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಜೊತೆಗೆ ಬರುವ ಮಕ್ಕಳಿಗೆ ತಂದೆತಾಯಿಗಳ ಒಪ್ಪಿಗೆ ಅವಶ್ಯ. ವಯಸ್ಸು, ಎತ್ತರದ ಬಗ್ಗೆ ಟ್ರ್ಯಾಕಿನ ನಿಯಮವನ್ನು ಸಡಿಲಿಸುವಂತೆ ಕೇಳಬಾರದು.

'ಉದ್ಯೋಗದಿಂದ ಮತ್ತು ಉದ್ಯೋಗದ ಅವಧಿಯಲ್ಲಿ' ಉಂಟಾದ ಅಪಘಾತಕ್ಕೆ ಮಾಲೀಕ ಹೊಣೆಗಾರನೆಂಬುದು 1923ರ ಕಾಯ್ದೆಯಿಂದ ನಡೆದುಬಂದ ತತ್ತ್ವ. ಮಾಲೀಕನೇ ಏರ್ಪಡಿಸಿದ ವಿಹಾರದ ಅಪಘಾತ ಇದರೊಳಗೆ ಬರುವುದೇ ಎಂಬುದು ಆಯಾ ಸಂದರ್ಭವನ್ನು ಅವಲಂಬಿಸಿರುತ್ತದೆ. ಅಂತಹ ವಾದಕ್ಕೆ ಎಡೆಯಾಗುವ ಮುನ್ನವೇ ವಿಮಾ ಪತ್ರವನ್ನು ಓದಬೇಕು. ಆರೋಗ್ಯ ವಿಮೆಗೆ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಏಕರೂಪದ ಷರತ್ತಿನಲ್ಲಿ, ಮೋಟಾರ್ ರೇಸಿನಂತಹ ಅಪಾಯಕರ ಕ್ರೀಡೆಗಳಲ್ಲಿ ವೃತ್ತಿಪರರಾಗಿ ಭಾಗವಹಿಸಿದಾಗಿನ ಚಿಕಿತ್ಸೆಯನ್ನು ಮಾತ್ರ ಹೊರಗಿಡಲಾಗಿದೆ. ವೈಯಕ್ತಿಕ ಅಪಘಾತ ವಿಮೆಯ ಪದಪ್ರಯೋಗ ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು. 'ಮನರಂಜನೆಗಾಗಿ ಓಡಿಸುವ ಗೋ-ಕಾರ್ಟ್‌ಗೆ ರಕ್ಷಣೆಯಿದೆಯೇ?' ಎಂದು ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲಿಯೇ ಉತ್ತರ ಪಡೆಯಬೇಕು.

ಖರ್ಚು ಮತ್ತು ತೆರಿಗೆ

ಈಗ ಮಾಲೀಕರ ಮೊದಲ ಪ್ರಶ್ನೆಗೆ ಬರಬಹುದು. ಜಿಎಸ್‌ಟಿ ದರಪಟ್ಟಿಯಲ್ಲಿ ಗೋ-ಕಾರ್ಟಿಂಗ್ ಹೆಸರು ಹಿಡಿದು ನಮೂದಾದ ಸೇವೆ. 2017ರ ಜುಲೈ 1ರಿಂದ ಶೇ. 28ರಷ್ಟಿದ್ದ ತೆರಿಗೆ 2018ರ ಜನವರಿ 25ರಿಂದ ಶೇ. 18ಕ್ಕೆ ಇಳಿಯಿತು. ಟ್ರ್ಯಾಕಿನವರು ಹೇಳುವ ದರ ತೆರಿಗೆ ಸಹಿತವೋ ರಹಿತವೋ ಎಂದು ಮೊದಲೇ ಕೇಳಬೇಕು. ತಲಾ 600 ರೂಪಾಯಿ ಎಂದು ಊಹಿಸಿದರೆ, 24 ಜನರಿಗೆ 14,400 ರೂಪಾಯಿ. ತೆರಿಗೆ 2,592 ರೂಪಾಯಿ ಸೇರಿ ಒಟ್ಟು 16,992 ರೂಪಾಯಿ.

ಈ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದೇ? ರೇಷ್ಮೆಗೂಡು, ಕಚ್ಚಾ ರೇಷ್ಮೆ, ತಾಜಾ ತರಕಾರಿಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ. ಅವುಗಳನ್ನು ಮಾತ್ರ ಮಾರುವ ಶಿಡ್ಲಘಟ್ಟದ ರೀಲರಿಗಾಗಲಿ ಚಿಂತಾಮಣಿಯ ಮಂಡಿ ವರ್ತಕರಿಗಾಗಲಿ ಕ್ರೆಡಿಟ್‌ನ ಪ್ರಶ್ನೆಯೇ ಉದ್ಭವಿಸದು. ಕಾಂಪೊಸಿಷನ್ ಯೋಜನೆಯವರಿಗೂ ಇಲ್ಲ. ತೆರಿಗೆ ಸಹಿತವಾದ ಪೂರ್ತಿ ಮೊತ್ತವೇ ಅವರ ಖರ್ಚು. ಇತರ ತಯಾರಕರಿಗೂ ಊಟೋಪಚಾರದ ಮೇಲಿನ ತೆರಿಗೆ, ಚಾಲಕನೂ ಸೇರಿ 13 ಆಸನಗಳವರೆಗಿನ ವಾಹನದ ಬಾಡಿಗೆಯ ಮೇಲಿನ ತೆರಿಗೆ ಸಾಮಾನ್ಯವಾಗಿ ಕಲಂ 17(5)ರ ನಿರ್ಬಂಧಕ್ಕೆ ಒಳಪಡುತ್ತವೆ. ಟಿಕೆಟ್ಟಿನ ಮೇಲಿನ ತೆರಿಗೆಯೂ 'ವೈಯಕ್ತಿಕ ಉಪಭೋಗ' ಎಂಬ ಆಕ್ಷೇಪಣೆಗೆ ಗುರಿಯಾಗಬಹುದು. ಎರಡೂವರೆ ಸಾವಿರ ರೂಪಾಯಿಯ ಕ್ರೆಡಿಟ್‌ಗಾಗಿ ನೋಟಿಸಿಗೆ ಉತ್ತರ ಬರೆಯುವುದು ಲಾಭದಾಯಕವಲ್ಲ.

ಆದಾಯ ತೆರಿಗೆಯಲ್ಲಿ, ಸಂಪೂರ್ಣವಾಗಿ ವ್ಯವಹಾರದ ಉದ್ದೇಶಕ್ಕಾಗಿಯೇ ಮಾಡಿದ ನೌಕರರ ಕಲ್ಯಾಣ ವೆಚ್ಚವನ್ನು ಲಾಭದಿಂದ ಕಳೆಯಬಹುದೆಂಬ ತತ್ತ್ವ 1961ರ ಕಾಯ್ದೆಯಿಂದ 2025ರ ಹೊಸ ಕಾಯ್ದೆಗೂ ಮುಂದುವರಿದಿದೆ. ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿಯಾಗಿ ಅಮಾನ್ಯವಾಗುವ ನಿಯಮವೂ ಹಾಗೆಯೇ ಉಳಿದಿದೆ. ಮೇಲಿನ ಉದಾಹರಣೆಯ 16,992 ರೂಪಾಯಿಯನ್ನು ಪಾಲುದಾರಿಕೆ ಸಂಸ್ಥೆಯೊಂದು ಕೌಂಟರಿನಲ್ಲಿ ನಗದಾಗಿ ಎಣಿಸಿದರೆ, ಸೆಸ್ ಸೇರಿ ಶೇ. 31.2ರ ದರದಲ್ಲಿ ಸುಮಾರು 5,300 ರೂಪಾಯಿ ಹೆಚ್ಚುವರಿ ತೆರಿಗೆ ತೆರಬೇಕಾದೀತು. ಬಿಲ್ಲನ್ನು ಅದೇ ದಿನ ಎರಡು ಮೂರಾಗಿ ಒಡೆಯುವುದರಿಂದ ಪ್ರಯೋಜನವಿಲ್ಲ. ಬ್ಯಾಂಕ್ ಅಥವಾ ಯುಪಿಐ ಮೂಲಕ ಪಾವತಿಸುವುದೇ ದಾರಿ. ಅಂದಾಜು ಲಾಭದ ಯೋಜನೆಯಲ್ಲಿ ವಿವರಪಟ್ಟಿ ಸಲ್ಲಿಸುವವರಿಗೆ ಈ ಖರ್ಚಿನ ಪ್ರತ್ಯೇಕ ಕಡಿತ ಸಿಗದು.

ಮಾಲೀಕರ ಮಕ್ಕಳು, ನೆಂಟರು ಜೊತೆಗೆ ಬಂದರೆ ಅವರ ಟಿಕೆಟ್ಟು, ಊಟದ ವೆಚ್ಚವನ್ನು ಡ್ರಾಯಿಂಗ್ಸ್ ಖಾತೆಗೆ ಬರೆಯಬೇಕು. ವಿಹಾರದ ಸುತ್ತೋಲೆ, ಸಹಿ ಸಹಿತ ಹಾಜರಿ ಪಟ್ಟಿ, ಸಂಸ್ಥೆಯ ಹೆಸರಿನಲ್ಲಿರುವ ಬಿಲ್ಲು, ಪಾವತಿಯ ದಾಖಲೆ ಈ ನಾಲ್ಕು ಕಾಗದಗಳು ಒಂದೇ ಕಡತದಲ್ಲಿದ್ದರೆ ಮೂರು ವರ್ಷಗಳ ನಂತರ ಯಾರಾದರೂ ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ.

ಹಾಜರಿ ಪಟ್ಟಿಗೆ ಇನ್ನೊಂದು ಉಪಯೋಗವೂ ಇದೆ. ಪ್ರತಿ ಹೆಸರಿನ ಮುಂದೆ ರಕ್ತದ ಗುಂಪನ್ನೂ ಮನೆಯವರ ದೂರವಾಣಿ ಸಂಖ್ಯೆಯನ್ನೂ ಬರೆದುಕೊಂಡು, ಬೆಳಿಗ್ಗೆ ಬಸ್ಸು ಹತ್ತುವಾಗ ಒಮ್ಮೆ, ಟ್ರ್ಯಾಕಿನಿಂದ ಹೊರಡುವಾಗ ಮತ್ತೊಮ್ಮೆ ತಲೆ ಎಣಿಸಬೇಕು. ಸಂಜೆ ಊರು ತಲಪಿದ ಮೇಲೆ ಹಳ್ಳಿಗಳಿಗೆ ಹೋಗಬೇಕಾದವರಿಗೆ, ವಿಶೇಷವಾಗಿ ಮಹಿಳೆಯರಿಗೆ, ಕೊನೆಯ ಬಸ್ಸು ತಪ್ಪಿಹೋಗದಂತೆ ನೋಡಿಕೊಳ್ಳಬೇಕು. ತಪ್ಪಿದರೆ ಮನೆಯವರೆಗೆ ವಾಹನದ ವ್ಯವಸ್ಥೆ ಮಾಡಬೇಕು. ಪಟ್ಟಿಯ ಕೊನೆಯ ಹೆಸರಿನ ಮುಂದೆ 'ಮನೆ ಸೇರಿದರು' ಎಂದು ಗುರುತು ಹಾಕಿದ ಮೇಲೆಯೇ ಆ ದಿನದ ಲೆಕ್ಕ ಮುಗಿಯಿತೆಂದು ಮಾಲೀಕರು ಭಾವಿಸಬಹುದು.